ಟಿಲ್ಲರಿನ ಸಾಮಾನಿಂಗೂ ಒಂದು ಚರಿತ್ರೆ ಇದ್ದು

ಟಿಲ್ಲರು ಹೇಳಿರೆ ಗೆಂಡುಮಕ್ಕಳ ಸಂಗತಿ, ಅದರ ಬಗ್ಗೆ ನವಗೆಂತಕೆ ಹೇಳಿ ನಿಂಗೊ ಕೇಳುಗು. ಅಪ್ಪು, ಹೇಂಡ್ಲು ಹಿಡಿವದು ಅವ್ವೇ. ಆದರೆ ನೇಜಿ ನೆಡುವ ದಿನ ಅದು ಗದ್ದೆಯ ನಡುಕೆ ನಿಂದತ್ತು ಹೇಳಿ ಆದರೆ, ಬಂದ ಹತ್ತು ಹನ್ನೆರಡು ಹೆಣ್ಣಾಳುಗೊಕ್ಕೆ ಚಾಯ ಕೊಟ್ಟು ಕೂರ್ಸುದು ಆರು? ಅಷ್ಟು ಜನಕ್ಕೆ ಬೇಶಿದ ಅಶನ ಎಂತ ಮಾಡುದು ಹೇಳಿ ತಲೆಬೆಶಿ ಮಾಡುದು ಆರು? ತೆಗದು ಮಡುಗಿದ ನೇಜಿ ಬಾಡುದರ ನೋಡಿಗೊಂಡು ಕೂಪದು ಆರು? ನಾವೇ ಅಲ್ಲದಾ? ಹಾಂಗಾಗಿ ಅದರ ಕಥೆ ನವಗೂ ರಜ ಗೊಂತಿಪ್ಪದು ಒಳ್ಳೆದು.

ಎಂಗಳ ಮನೆಯ ಟಿಲ್ಲರು ಮಾವನ ಕಾಲದ್ದು. ನಲುವತ್ತು ವರ್ಷ ಹತ್ತರೆ ಆತು. ಎಂಜಿನು ಈಗಳೂ ಗಟ್ಟಿ ಇದ್ದು. ಉಪದ್ರ ಕೊಡುದು ಅದಕ್ಕೆ ಸಿಕ್ಕುಸುವ ಸಾಮಾನುಗೊ: ಮಣ್ಣು ಹೊಡಿ ಮಾಡುವ ರೋಟರಿ, ಕೆಸರಿಂಗೆ ಹಾಕುವ ಕಬ್ಬಿಣದ ಚಕ್ರ, ಗೊಬ್ಬರ ಹೊರುವ ಟ್ರೈಲರು. ರೋಟರಿಯ ಒಂದು ಸಾಮಾನು ಹೋತು ಹೇಳಿ ಅಂಗಡಿಗೆ ಹೋದರೆ “ಈ ಮಾಡೆಲು ಈಗ ಇಲ್ಲೆ, ಸ್ಪೇರು ಬತ್ತಿಲ್ಲೆ, ಹೊಸತ್ತು ತೆಕ್ಕೊಳಿ” ಹೇಳುಗು. ಒಂದು ಮುಷ್ಟಿ ಕಬ್ಬಿಣಕ್ಕೆ ಬೇಕಾಗಿ ಇಡೀ ಟಿಲ್ಲರಿನ ಗುಜರಿಗೆ ಹಾಕೆಕ್ಕಾ?

ಈ ಪ್ರಶ್ನೆ ನಮ್ಮ ಊರಿಂಗೆ ಮಾಂತ್ರ ಬಂದದಲ್ಲ. ಮಣ್ಣು ಹೊಡಿ ಮಾಡುವ ಮಿಶನು ಹುಟ್ಟಿದಲ್ಲಿಂದಲೇ ಇದ್ದು. ಅಷ್ಟೇ ಅಲ್ಲ, ನಮ್ಮ ಟಿಲ್ಲರು ಈಗಾಣ ರೂಪಕ್ಕೆ ಬಂದದೇ ದೂರದ ಊರಿನ ಮಿಶನಿಂಗೆ ಹೊಂದುವ ಸಾಮಾನು ಸಿಕ್ಕದ್ದೆ, ಅದರ ಆರೋ ಅವರ ಊರಿಲೇ ಮಾಡಿಗೊಂಡ ಕಾರಣ. ಓದಿ, ಕೇಳಿ ತಿಳುಕ್ಕೊಂಡದರ ಇಲ್ಲಿ ಬರೆತ್ತೆ.

ಮದಲು ನೇಗಿಲಿನ ಕಾಲಲ್ಲಿ ಸ್ಪೇರಿನ ಪ್ರಶ್ನೆಯೇ ಇತ್ತಿಲ್ಲೆ. ಎನ್ನ ಅಜ್ಜನ ಮನೆಲಿ ಎರಡು ಜೋಡಿ ಎತ್ತುಗೊ ಇತ್ತು. ನೊಗ ಮುರುದರೆ ಗುಡ್ಡೆಲಿ ಮರ ಇತ್ತು, ಮಾಡ್ಲೆ ಆಚಾರಿ ಇತ್ತವು. ನೇಗಿಲಿನ ಕೊಡಿಯ ಕಬ್ಬಿಣ ಸವದರೆ ಕಮ್ಮಾರ ಕಾಸಿ ಬಡುದು ಕೊಡುಗು. ಕೂಲಿ ವರ್ಷಕ್ಕೊಂದರಿ ಬತ್ತಲ್ಲಿ. ಒಂದು ಮನೆಯ ನೇಗಿಲಿನ ಹಾಂಗೆ ಇನ್ನೊಂದು ಮನೆದು ಇಕ್ಕು ಹೇಳಿ ಏನೂ ಇಲ್ಲೆ. ಅಳತೆ ಎಲ್ಲ ಆಚಾರಿಯ ಗೇಣು, ಬೆರಳಿಲಿ. ಮಾಡಿದವ್ವೇ ದುರಸ್ತಿ ಮಾಡುವ ಕಾರಣ ಅದರಿಂದ ತೊಂದರೆ ಇತ್ತಿಲ್ಲೆ.

ಮಿಶನು ಬಂದಪ್ಪಗ ಮಾಡುವವು ಒಂದು ಕಡೆ, ಉಪಯೋಗ್ಸುವವು ಇನ್ನೊಂದು ಕಡೆ ಆತು. ಅಂಬಗ ಅಳತೆ ಒಂದೇ ಆಯೆಕ್ಕಾದ್ದು ಅಗತ್ಯ ಆತು. ಸುರುವಾಣ ಜಗಳ ಬೋಲ್ಟಿಂದೇ. ಇಂಗ್ಲೆಂಡಿಲಿ ಮದಲು ಒಂದೊಂದು ವರ್ಕ್‌ಶಾಪಿಂದು ಒಂದೊಂದು ನಮುನೆ ಥ್ರೆಡ್ಡು. ಒಬ್ಬನ ಬೋಲ್ಟು ಇನ್ನೊಬ್ಬನ ನಟ್ಟಿಂಗೆ ಹೋಗ. ಜೋಸೆಫ್ ವಿಟ್‌ವರ್ತ್ ಹೇಳುವವು 1841 ರಲ್ಲಿ ಎಲ್ಲೊರಿಂಗೂ ಒಂದೇ ಲೆಕ್ಕದ ಥ್ರೆಡ್ಡು ಇರಳಿ ಹೇಳಿ ಒಂದು ಕ್ರಮ ಮುಂದೆ ಮಡುಗಿದವು. ಅದರ ಕೋನ 55 ಡಿಗ್ರಿ. 1864 ರಲ್ಲಿ ಅಮೇರಿಕಲ್ಲಿ ವಿಲಿಯಂ ಸೆಲ್ಲರ್ಸ್ ಹೇಳುವವು 60 ಡಿಗ್ರಿಯ ಬೇರೆ ಕ್ರಮ ತಂದವು. ಇದರಿಂದಾಗಿ ಎರಡನೇ ಮಹಾಯುದ್ಧಲ್ಲಿ ಒಂದೇ ಪಕ್ಷಲ್ಲಿ ಇತ್ತಿದ್ದ ಈ ಎರಡು ದೇಶಂಗಳ ಬೋಲ್ಟು ಒಂದಕ್ಕೊಂದು ಹೊಂದಿಯೊಂಡಿತ್ತಿಲ್ಲೆ. 1948 ರಲ್ಲಿ ಅಮೇರಿಕ, ಬ್ರಿಟನ್, ಕೆನಡ ಸೇರಿ ಒಂದೇ ಅಳತೆಗೆ ಒಪ್ಪಿದವು. ಯುರೋಪಿಲಿ, ಜಪಾನಿಲಿ ಮಿಲ್ಲಿಮೀಟರಿನ ಲೆಕ್ಕ.

ಇದು ನಮ್ಮ ಮನೆಗೂ ಬಯಿಂದು. ಹಳೆ ಪಂಪಿನ ಬೋಲ್ಟು ಇಂಚಿಂದು, ಟಿಲ್ಲರಿಂದು ಮಿಲ್ಲಿಮೀಟರಿಂದು. ಅದರಲ್ಲಿಯೂ ಜಪಾನಿನ ಕ್ರಮದ 10 ಮಿಲ್ಲಿಮೀಟರಿನ ಬೋಲ್ಟಿಲಿ ಎರಡು ನಮುನೆ ಇರ್ತು. ಒಂದರಲ್ಲಿ ಥ್ರೆಡ್ಡಿಂದ ಥ್ರೆಡ್ಡಿಂಗೆ 1.5 ಮಿಲ್ಲಿಮೀಟರು, ಇನ್ನೊಂದರಲ್ಲಿ 1.25. ನೋಡ್ಲೆ ಒಂದೇ ಹಾಂಗೆ ಕಾಣ್ತು. ಎರಡು ಸುತ್ತು ಹೋಗಿ ಮತ್ತೆ ಬಿಗಿ ಆತು ಹೇಳಿ ಆದರೆ ಅದು ಬೇರೆ ಜಾತಿ. ಒತ್ತಾಯ ಮಾಡಿ ತಿರುಗುಸಿರೆ ಒಳಾಣ ಥ್ರೆಡ್ಡೇ ಹೋತು. ಪ್ರತಿ ಮನೆಲಿಯೂ ಹಳೆ ಹಾರ್ಲಿಕ್ಸಿನ ಕುಪ್ಪಿಲಿ ನಟ್ಟು ಬೋಲ್ಟು ತುಂಬುಸಿ ಮಡುಗಿರ್ತವಲ್ಲದಾ, ಅದರಲ್ಲಿ ಒಂದೂ ಹೊತ್ತಿಂಗೆ ಸರಿಯಾಗಿ ಹೊಂದದ್ದೆ ಇಪ್ಪದು ಇದೇ ಕಾರಣಕ್ಕೆ.

ಇನ್ನು ರೋಟರಿಯ ಕಥೆ. ನೇಗಿಲಿನ ಹಾಂಗೆ ಎಳವ ಬದಲು, ತಿರುಗುವ ಉಗುರುಗಳಿಂದ ಮಣ್ಣಿನ ಕೆದಕ್ಕುದು ಹೇಂಗೆ ಹೇಳಿ ಸ್ವಿಟ್ಜರ್ಲೆಂಡಿನ ಕಾನ್ರಾಡ್ ಫಾನ್ ಮಾಯೆನ್‌ಬುರ್ಗ್ ಹೇಳುವ ಎಂಜಿನಿಯರು 1910 ರ ಆಸುಪಾಸಿಲಿ ದಾರಿ ಹುಡುಕ್ಕಿದವು. ಅವರ ಪೇಟೆಂಟಿನ ಮೇಲೆ ಜರ್ಮನಿಲಿ ಸೀಮೆನ್ಸ್ ಕಂಪೆನಿ ಮಿಶನು ಮಾಡಿತ್ತು, ಜಿನೀವಲ್ಲಿ ಸಿಮಾರ್ ಹೇಳುವ ಕಂಪೆನಿ ಕೈತೋಟಕ್ಕೆ ಅಪ್ಪ ಸಣ್ಣ ಮಿಶನು ಮಾಡಿತ್ತು. ಅದರ ಉಗುರು ಸ್ಪ್ರಿಂಗಿನ ಮೇಲೆ ಕೂದುಗೊಂಡಿತ್ತು, ಕಲ್ಲು ಸಿಕ್ಕಿರೆ ರಜ ಬಗ್ಗಿ ಹೋಪ ಹಾಂಗೆ.

ಅದೇ ಹೊತ್ತಿಂಗೆ ಆಸ್ಟ್ರೇಲಿಯಲ್ಲಿ ಕ್ಲಿಫ್ ಹೊವಾರ್ಡ್ ಹೇಳುವ ಕೃಷಿಕರ ಮಗ ಗಿಲ್ಗಾಂಡ್ರ ಹೇಳುವ ಊರಿಲಿ ಅಪ್ಪನ ಜಾಗೆಲಿ 1912 ರಲ್ಲಿ ಇದೇ ಪ್ರಯತ್ನ ಮಾಡಿಗೊಂಡಿತ್ತವು. ಸುರುವಿಂಗೆ ಅಂಚಿಲಿ ಕಚ್ಚು ತೆಗದ ದುಂಡು ತಟ್ಟೆ ಹಾಕಿ ನೋಡಿದವು. ಅದು ಮಣ್ಣಿನ ಕರೇಂಗೆ ಇಡುಕ್ಕಿತ್ತು. ಮತ್ತೆ ಇಂಗ್ಲಿಷಿನ ‘ಎಲ್’ ಅಕ್ಷರದ ಹಾಂಗೆ ಬಗ್ಗುಸಿದ ಅಲಗು ಮಾಡಿದವು. ಅದು ಸರಿ ಆತು. 1922 ರಲ್ಲಿ ಕಂಪೆನಿಯನ್ನೇ ಸುರು ಮಾಡಿದವು. ನೋಡಿ, ಮಿಶನಿನ ಹಣೆಬರಹ ಬದಲ್ಸಿದ್ದು ಎಂಜಿನಲ್ಲ, ಒಂದು ಅಲಗಿನ ಬಾಗು.

ಅಮೇರಿಕಲ್ಲಿ ಈ ಕೆಲಸ ಮಾಡಿದವು ಒಬ್ಬ ಫೋಟೋ ಸ್ಟುಡಿಯೋದವು, ಬೆಂಜಮಿನ್ ಗ್ರೇವ್ಲಿ ಹೇಳಿ. ತೋಟದ ಕೆಲಸ ಸುಲಭ ಮಾಡ್ಲೆ ಕೈಲಿ ನೂಕುವ ನೇಗಿಲಿಂಗೆ ‘ಇಂಡಿಯನ್’ ಹೇಳುವ ಹೆಸರಿನ ಮೋಟಾರು ಸೈಕಲ್ಲಿನ ಸಾಮಾನು ಜೋಡುಸಿದವು. ಹೆಸರು ಇಂಡಿಯನ್ ಆದರೂ ಅದು ಅಮೇರಿಕದ್ದೇ ಸೈಕಲ್ಲು. 1916 ರಲ್ಲಿ ಪೇಟೆಂಟು ಸಿಕ್ಕಿತ್ತು, 1922 ರಲ್ಲಿ ವೆಸ್ಟ್ ವರ್ಜೀನಿಯದ ಡನ್‌ಬಾರಿಲಿ ಕಂಪೆನಿ ಆತು. ಆ ಮಿಶನಿಂಗೆ ಹುಲ್ಲು ಕೊಯ್ವದು, ಮಣ್ಣು ಹೂಡುದು, ಹಿಮ ನೂಕುದು, ಹೀಂಗೆ ಬೇರೆ ಬೇರೆ ಸಾಮಾನು ಸಿಕ್ಕುಸುಲಕ್ಕು. ಸಿಕ್ಕುಸುವ ಜಾಗೆಯ ಅಳತೆಯ ಅವು ದಶಕಗಟ್ಲೆ ಬದಲ್ಸಿದ್ದವಿಲ್ಲೆ. ಹಾಂಗಾಗಿ ಅಜ್ಜನ ಕಾಲದ ನೇಗಿಲು ಪುಳ್ಳಿಯ ಮಿಶನಿಂಗೂ ಹೊಂದುತ್ತು. ಕಂಪೆನಿ ಕೈಂದ ಕೈಗೆ ಹೋದರೂ ಈ ಹಳೆ ಮಿಶನುಗಳ ಇಂದಿಂಗೂ ಓಡ್ಸುವವು ಇದ್ದವು. ಹೊಸ ಸಾಮಾನು ಸಿಕ್ಕದ್ರೆ ಹಾಳಾದ ಎರಡರ ಬಿಚ್ಚಿ ಒಂದು ಮಾಡುದು, ಅದೂ ಆಗದ್ರೆ ಲೇತಿಲಿ ಮಾಡುಸುದು. ನಮ್ಮವರ ಹಾಂಗೆಯೇ.

ಈಗ ಎನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ, ಜಪಾನಿಂದು. ಓಕಾಯಾಮ ಹೇಳುವ ಜಿಲ್ಲೆಲಿ ಕೊಜಿಮಾ ಕೊಲ್ಲಿ ಹೇಳಿ ಇದ್ದು. ಅಲ್ಲಿ ಕಡಲಿನ ಹಿಂದೆ ನೂಕಿ ಗದ್ದೆ ಮಾಡಿತ್ತವು. 1920 ರ ದಶಕಲ್ಲಿ ಅಲ್ಲಿಗೆ ಸ್ವಿಟ್ಜರ್ಲೆಂಡಿನ ಸಿಮಾರ್ ಮಿಶನು, ಅಮೇರಿಕದ ಸಣ್ಣ ಟ್ರಾಕ್ಟರು ತರ್ಸಿದವು. ಆದರೆ ಆ ಮಿಶನು ಒಣಗಿದ ಮಣ್ಣಿಂಗೆ ಮಾಡಿದ್ದು. ಭತ್ತದ ಗದ್ದೆಲಿ ಎಂತ ಇರ್ತು ಹೇಳಿ ನಿಂಗೊಗೆ ಹೇಳೆಕ್ಕಾ? ಕೆಸರು, ಬುಡದ ಕೂಳೆ, ಬೆಳುಲು. ಅದೆಲ್ಲ ಉಗುರಿಂಗೆ ಸುತ್ತಿ ಮಿಶನು ನಿಂಗು. ಹೊಂದುವ ಉಗುರು ಜಿನೀವಂದ ಬಪ್ಪಲೆ ಇಲ್ಲೆ, ಎಂತಕೆ ಹೇಳಿರೆ ಅಲ್ಲಿ ಭತ್ತದ ಗದ್ದೆಯೇ ಇಲ್ಲೆ.

ಓಕಾಯಾಮಲ್ಲಿ ಗದ್ದೆಗೆ ನೀರು ಎತ್ತುವ ಸಣ್ಣ ಸೀಮೆಎಣ್ಣೆ ಎಂಜಿನು ಮಾಡುವ ವರ್ಕ್‌ಶಾಪುಗೊ ಮದಲೇ ಇತ್ತು. ಅಲ್ಯಾಣವು ಆ ಮಿಶನಿನ ಬಿಚ್ಚಿ ನೋಡಿ, ತಮ್ಮ ಕೆಸರಿಂಗೆ ಹೊಂದುವ ಸಾಮಾನು ತಾವೇ ಮಾಡ್ಲೆ ಹೆರಟವು. ಮತ್ತೆ ಇಡೀ ಮಿಶನಿನನ್ನೇ ಮಾಡಿದವು. ಕೊಕ್ಕೆಯ ಹಾಂಗಿಪ್ಪ ಉಗುರಿನ ಬದಲು ಬಾಗಿದ ಅಲಗು ಬಂತು. ಜಪಾನಿಲಿ ಅದಕ್ಕೆ ‘ನತಾಜುಮೆ’ ಹೇಳ್ತವು. ನತಾ ಹೇಳಿರೆ ನಾವು ಸೌದಿ ಕಡಿವಲೆ ಹಿಡಿವ ಕತ್ತಿಯ ನಮುನೆದು, ಜುಮೆ ಹೇಳಿರೆ ಉಗುರು. ಅಲಗಿನ ಬುಡಂದ ಕೊಡಿವರೆಗೆ ಒಂದೇ ಸರ್ತಿ ಮಣ್ಣಿಂಗೆ ಬಡಿಯದ್ದೆ ಮೆಲ್ಲಂಗೆ ಇಳಿತ್ತು. ಬೆಳುಲು ಸುತ್ತದ್ದೆ ಜಾರಿ ಹೋವ್ತು. ನಮ್ಮ ಮೆಟ್ಟುಕತ್ತಿಯ ಬಾಗಿಂಗೆ ಬದನೆಕಾಯಿ ಜಾರಿದ ಹಾಂಗೆ. ಇಂದು ನಮ್ಮ ಗದ್ದೆಲಿ ತಿರುಗುದು ಅದರದ್ದೇ ಸಂತಾನ.

ಮತ್ತೆ ದೊಡ್ಡ ಕಂಪೆನಿಗೊ ಬಂದವು. ಕುಬೋಟ ಹೇಳುವ ಹೆಸರು ಕೇಳಿಪ್ಪಿ. 1890 ರಲ್ಲಿ ಒಸಾಕಲ್ಲಿ ಎರಕ ಹೊಯಿವ ಸಣ್ಣ ಕಸುಬಾಗಿ ಸುರು ಆದ್ದದು. 1947 ರಲ್ಲಿ ಟಿಲ್ಲರು ಮಾಡ್ಲೆ ಹೆರಟವು. ನಮ್ಮ ದೇಶಕ್ಕೂ ಜಪಾನಿಂದಲೇ ಬಂತು. 1967 ರಲ್ಲಿ ಬೆಂಗಳೂರಿಲಿ ವಿ.ಎಸ್.ಟಿ. ಕಂಪೆನಿ ಮಿತ್ಸುಬಿಶಿಯ ಒಟ್ಟಿಂಗೆ ಸೇರಿ ಟಿಲ್ಲರು ಮಾಡ್ಲೆ ಸುರು ಮಾಡಿತ್ತು. 1973 ರಲ್ಲಿ ಕೇರಳ ಸರಕಾರದ ಕಾಮ್ಕೋ ಅತ್ತಾಣಿಲಿ ಕುಬೋಟದ ತಂತ್ರ ತಂದು ಸುರು ಆತು. ನಮ್ಮ ಊರು ಎರಡೂ ರಾಜ್ಯದ ಗಡಿಲಿಪ್ಪ ಕಾರಣ ಇಲ್ಲಿಯ ಹಟ್ಟಿಯ ಕರೆಲಿ ಎರಡೂ ಜಾತಿಯ ಟಿಲ್ಲರು ಕಾಂಬಲೆ ಸಿಕ್ಕುಗು. ಹಾಂಗೆ ಸ್ವಿಟ್ಜರ್ಲೆಂಡಿನ ಕೈತೋಟದ ಮಿಶನು ಜಪಾನಿನ ಕೆಸರಿಲಿ ವೇಷ ಬದಲ್ಸಿಗೊಂಡು ನಮ್ಮ ಏಣಿಲು ಗದ್ದೆಗೆ ಎತ್ತಿತ್ತು.

ಈಗ ಸ್ಪೇರಿನ ವಿಷಯಕ್ಕೆ ಬಪ್ಪೊ. ಹಳೆ ರೋಟರಿಯ ಬಿಚ್ಚಿರೆ ಅದರಲ್ಲಿ ಎರಡು ನಮುನೆಯ ಸಾಮಾನು ಇರ್ತು. ಒಂದು ಲೋಕಕ್ಕೆಲ್ಲ ಒಂದೇ ಆದ್ದು, ಇನ್ನೊಂದು ಆ ಕಂಪೆನಿದೇ ಸ್ವಂತದ್ದು. ಅಂಗಡಿಯವು “ಇಲ್ಲೆ” ಹೇಳುದು ಎರಡನೇದಕ್ಕೆ. ಸುರುವಾಣದ್ದು ಟಿಲ್ಲರಿನ ಅಂಗಡಿಲಿ ಸಿಕ್ಕದ್ರೆ ಬೇರೆ ಅಂಗಡಿಲಿ ಸಿಕ್ಕುಗು, ನಂಬ್ರ ಗೊಂತಿದ್ದರೆ.

ಬೇರಿಂಗಿನ ಕರೆಲಿ ನಂಬ್ರ ಕೆತ್ತಿರ್ತವು. 6205 ಹೇಳಿ ಇದ್ದರೆ ಅಕೇರಿಯ ಎರಡು ಅಂಕೆಯ 5 ರಿಂದ ಗುಣುಸಿ. 25. ಒಳಾಣ ಒಟ್ಟೆ 25 ಮಿಲ್ಲಿಮೀಟರು. 04 ರಿಂದ ಮೇಲಂಗೆ ಈ ಲೆಕ್ಕ ಸರಿ ಬತ್ತು. ಹೆರಾಣ ಅಳತೆ 52, ಅಗಲ 15. ಅದು ಟಿಲ್ಲರಿಂದಾದರೂ ಅಕ್ಕು, ಪಂಪಿಂದಾದರೂ ಅಕ್ಕು, ಯಾವ ದೇಶದ್ದಾದರೂ ಅಕ್ಕು. ನಮ್ಮ ಮನೆಯ ಸೀಲಿಂಗ್ ಫೇನಿಲಿಯೂ ಇದೇ ಜಾತಿಯ ಸಣ್ಣದು ಇರ್ತು, ಹೆಚ್ಚಾಗಿ 6202. ಎಣ್ಣೆ ಸೋರದ್ದ ಹಾಂಗೆ ಹಾಕುವ ರಬ್ಬರಿನ ಸೀಲಿಲಿ ಮೂರು ಅಂಕೆ ಇರ್ತು: ಒಳಾಣದ್ದು, ಹೆರಾಣದ್ದು, ದಪ್ಪ. ಬೆಲ್ಟಿಲಿ ‘ಎ’ ಅಥವಾ ‘ಬಿ’ ಅಕ್ಷರ, ಮತ್ತೆ ಇಂಚಿನ ಉದ್ದ. ‘ಎ’ ಬೆಲ್ಟಿನ ಅಗಲ 13 ಮಿಲ್ಲಿಮೀಟರು, ‘ಬಿ’ದು 17. ಚೈನು ಹೇಳಿರೆ 1880 ರಲ್ಲಿ ಮ್ಯಾಂಚೆಸ್ಟರಿಲಿ ಹಾನ್ಸ್ ರೆನೋಲ್ಡ್ ಮಾಡಿದ ನಮುನೆದೇ ಇಂದಿಂಗೂ. ಕೊಂಡಿಂದ ಕೊಂಡಿಗೆ ಎಷ್ಟು ದೂರ ಹೇಳುದರ ಮೇಲೆ ನಂಬ್ರ. ಸೈಕಲ್ಲಿಂದು ಅರ್ಧ ಇಂಚು.

ಎರಡನೇ ನಮುನೆಯ ಸಾಮಾನಿನ ಮಾಡುಸೆಕ್ಕು. ಅಲಗಿನ ಕಮ್ಮಾರಂಗೊ ಲೋರಿಯ ಹಳೆ ಪ್ಲೇಟು ಸ್ಪ್ರಿಂಗಿಂದ ಮಾಡ್ತವು. ಆದರೆ ಕಾಸಿ ಬಡುದು ಬಗ್ಗುಸಿರೆ ಮುಗುದತ್ತಿಲ್ಲೆ. ಕೆಂಪಂಗೆ ಕಾಸಿ ಎಣ್ಣೆಲಿ ಅದ್ದುತ್ತವು, ಅಂಬಗ ಗಟ್ಟಿ ಆವ್ತು. ಹಾಂಗೇ ಬಿಟ್ಟರೆ ಕಲ್ಲಿಂಗೆ ತಾಗಿಯಪ್ಪಗ ಗಾಜಿನ ಬಳೆಯ ಹಾಂಗೆ ತುಂಡಾವ್ತು. ಅದಕ್ಕೆ ಪುನಾ ರಜ ಹದಕ್ಕೆ ಬೆಶಿ ಮಾಡಿ ತಣಿವಲೆ ಬಿಡ್ತವು. ಪಾಕದ ಹಾಂಗೆ, ಏವಗ ತೆಗೆಯೆಕ್ಕು ಹೇಳಿ ನೋಡಿ ನೋಡಿಯೇ ಗೊಂತಪ್ಪದು. ಎರಕದ ಸಾಮಾನು ಆದರೆ ಮರಲ್ಲಿ ಅಚ್ಚು ಮಾಡೆಕ್ಕು, ಅದೂ ನೂರಕ್ಕೆ ಒಂದರಷ್ಟು ದೊಡ್ಡಕ್ಕೆ. ಎಂತಕೆ ಹೇಳಿರೆ ಕರಗಿದ ಕಬ್ಬಿಣ ತಣುದಪ್ಪಗ ಅಷ್ಟು ಕುಗ್ಗುತ್ತು.

ಎಂಗಳ ರೋಟರಿಯ ಸ್ಪ್ರಾಕೆಟು, ಹೇಳಿರೆ ಚೈನು ಕೂರುವ ಹಲ್ಲಿನ ಚಕ್ರ, ಎರಡು ಮಳೆಗಾಲದ ಹಿಂದೆ ತುಂಡಾತು. ನಡುವಾಣ ಗುಬ್ಬಿಯೇ ಸೀಳಿತ್ತು. ಅಂಗಡಿಗಳಲ್ಲಿ ಇಲ್ಲೆ. ಪೇಟೆಲಿ ಲೇತು ಮಡುಗಿದ ಒಬ್ಬರ ಹತ್ತರೆ ತುಂಡಿನ ತೆಕ್ಕೊಂಡು ಹೋದೆಯೊ. ಅವು ತಿರುಗುಸಿ ತಿರುಗುಸಿ ನೋಡಿ ಹೇಳಿದವು: “ಹಲ್ಲಿಂಗೆ ತಲೆಬೆಶಿ ಬೇಡಕ್ಕ. ಚೈನಿನ ನಂಬ್ರ, ಹಲ್ಲಿನ ಲೆಕ್ಕ ಇದ್ದರೆ ಹೊಸ ಸ್ಪ್ರಾಕೆಟು ಮಂಗಳೂರಿಲಿ ಸಿಕ್ಕುಗು. ಕಷ್ಟ ಇಪ್ಪದು ಒಳಾಣ ಗಾಡಿ. ಶಾಫ್ಟಿನ ಗೆರಗೊ ಕೂಪ ಈ ಕಚ್ಚುಗಳ ಕೊರವ ಮಿಶನು ಎನ್ನ ಹತ್ತರೆ ಇಲ್ಲೆ. ಹಲ್ಲು ಸವದರೂ ಸಾರ ಇಲ್ಲೆ, ನಡು ಸರಿ ಇಪ್ಪ ಹಳತ್ತು ಒಂದು ಸಿಕ್ಕಿರೆ ಮಾಡಿ ಕೊಡ್ತೆ.”

ಅಂಬಗ ಎನಗೆ ಫಕ್ಕನೆ ನೆಂಪಾತು. ಎಂಗಳ ಹಟ್ಟಿಯ ಬಾಗಿಲು ಗಾಳಿಗೆ ಬಡಿಯದ್ದ ಹಾಂಗೆ ಅತ್ತೆ ಒಂದು ಹಲ್ಲಿನ ಚಕ್ರವ ಭಾರಕ್ಕೆ ಕಟ್ಟಿ ನೇಲ್ಸಿತ್ತವು. ಮಾವ ಬದಲ್ಸಿ ತೆಗದು ಇಡುಕ್ಕಿದ್ದದು. ಹಲ್ಲು ಸವದು ಮುಳ್ಳಿನ ಹಾಂಗೆ ಆಯಿದು, ಆದರೆ ನಡು ಗಟ್ಟಿ. ಸಗಣ ತೊಳದು, ಸೀಮೆಎಣ್ಣೆಲಿ ಒಂದಿರುಳು ಮುಂಗುಸಿ ಮಡುಗಿ, ತೆಕ್ಕೊಂಡು ಹೋದೆಯೊ. ಲೇತಿನವು ಅದರ ಸವದ ಹಲ್ಲಿನ ಪೂರಾ ಕೆತ್ತಿ ತೆಗದವು. ಹೊಸ ಸ್ಪ್ರಾಕೆಟಿನ ನಡುವಿನ ಅದಕ್ಕೆ ಸರಿಯಾಗಿ ಕೊರದವು. ಒಂದರೊಳ ಒಂದು ಕೂರ್ಸಿ, ಓರೆ ಇಲ್ಲೆ ಹೇಳಿ ನೋಡಿ, ಬೆಸದವು. ಹಳತ್ತರ ನಡು, ಹೊಸತ್ತರ ಹಲ್ಲು. ಎರಡು ವರ್ಷಂದ ಅದುವೇ ತಿರುಗುತ್ತಾ ಇದ್ದು. ಓಕಾಯಾಮದವು ನೂರು ವರ್ಷದ ಹಿಂದೆ ಮಾಡಿದ್ದೂ ಇಷ್ಟನ್ನೇ ಅಲ್ಲದಾ?

ಎನಗೆ ಬೇಜಾರಪ್ಪದು ಇನ್ನೊಂದು ಸಂಗತಿಗೆ. ಆ ಲೇತಿನವಕ್ಕೆ ಅರುವತ್ತೈದು ದಾಂಟಿತ್ತು. ಮಗ ಬೆಂಗಳೂರಿಲಿದ್ದ. ಅವು ಬಾಗಿಲು ಹಾಕಿದ ದಿನ ಈ ಸುತ್ತಿನ ಎಷ್ಟೋ ಹಳೆ ಟಿಲ್ಲರುಗೊ ನಿಂಗು. ಟಿಲ್ಲರು ನಿಂದರೆ ಎಂತ ಆವ್ತು ಹೇಳಿ ನಾವು ಕಣ್ಣಾರೆ ಕಂಡಿದು. ಎಂಗಳ ಬೈಲಿಲಿ ಮೂರು ಮನೆಯ ಗದ್ದೆ ಹೀಂಗೆಯೇ ಒಂದು ಮಳೆಗಾಲ ಹಡಿಲು ಬಿದ್ದತ್ತು, ಮರು ವರ್ಷ ಅಡಕ್ಕೆ ಸೆಸಿ ನೆಟ್ಟವು. ಬೇರೆ ಕಾರಣವೂ ಇದ್ದು, ಇಲ್ಲೆ ಹೇಳ್ತಿಲ್ಲೆ. ಆದರೆ ಒಂದರಿ ತೋಟ ಆದ್ದು ಮತ್ತೆ ಗದ್ದೆ ಆವ್ತಿಲ್ಲೆ.

ಇದು ಬರೇ ನಮ್ಮ ಸಂಕಟ ಅಲ್ಲ ಹೇಳಿ ದೊಡ್ಡವಕ್ಕೂ ಗೊಂತಾಯಿದು. ಅಮೇರಿಕದ ಕೊಲರಾಡೊ ರಾಜ್ಯಲ್ಲಿ 2023 ರಲ್ಲಿ ಒಂದು ಕಾನೂನು ಆತು. ಕೃಷಿ ಮಿಶನು ಮಾಡುವ ಕಂಪೆನಿಗೊ ಸಾಮಾನು, ಹತಾರು, ದುರಸ್ತಿಯ ಪುಸ್ತಕ ಎಲ್ಲವನ್ನೂ ಕೃಷಿಕರಿಂಗೂ ಹೆರಾಣ ಮೆಕ್ಯಾನಿಕ್ಕುಗೊಕ್ಕೂ ಕೊಡೆಕ್ಕು ಹೇಳಿ. ನಮ್ಮ ಕೇಂದ್ರ ಸರಕಾರ 2022 ರ ದಶಂಬರಲ್ಲಿ ‘ರೈಟ್ ಟು ರಿಪೇರ್’ ಹೇಳುವ ಪೋರ್ಟಲು ಸುರು ಮಾಡಿದ್ದು. ಮೊಬೈಲು, ಮನೆಬಳಕೆಯ ಮಿಶನು, ವಾಹನದ ಒಟ್ಟಿಂಗೆ ಕೃಷಿ ಉಪಕರಣವೂ ಅದರಲ್ಲಿ ಸೇರಿದ್ದು. ಅದು ಕಾನೂನಲ್ಲ, ಮಾಹಿತಿ ಒಂದೇ ಕಡೆ ಸಿಕ್ಕುವ ಜಾಗೆ. ಹೊಸತ್ತು ತೆಕ್ಕೊಂಬವಕ್ಕೆ ಉಪಕಾರ ಅಕ್ಕು. ನಲುವತ್ತು ವರ್ಷದ ಹಳತ್ತಕ್ಕೆ ನಮ್ಮ ಜಾಗ್ರತೆಯೇ ಆಯೆಕ್ಕಷ್ಟೆ.

ಹಾಂಗಾಗಿ ಎನ್ನ ಅಕ್ಕತಂಗೆಕ್ಕೊಗೆ, ನೆರೆಕರೆಯವಕ್ಕೆ ಹೇಳುದು ಇಷ್ಟೇ. ಹಾಲಿನ ಲೆಕ್ಕ ಬರವಲೆ ಒಂದು ಪುಸ್ತಕ ಇಲ್ಲೆಯೋ, ಅದರ ಹಿಂದಾಣ ಪುಟಲ್ಲಿ ಟಿಲ್ಲರಿಂಗೂ ಜಾಗೆ ಕೊಡಿ. ಗೆಂಡುಮಕ್ಕೊ ಮಿಶನು ಬಿಚ್ಚಿದ ದಿನ ಬೇರಿಂಗು, ಸೀಲು, ಬೆಲ್ಟು, ಚೈನು ಎಲ್ಲದರ ನಂಬ್ರ ಬರಕ್ಕೊಳ್ಳಿ, ಹಲ್ಲಿನ ಚಕ್ರದ ಹಲ್ಲಿನ ಲೆಕ್ಕ ಮಾಡಿ. ಮಸಿ ಹಿಡುದ ಮತ್ತೆ ನಂಬ್ರ ಕಾಣ್ತಿಲ್ಲೆ, ಹೊಸತ್ತು ಇಪ್ಪಗಳೇ ಬರೆಯೆಕ್ಕು. ಹಳೆ ಸಾಮಾನಿನ ಬದಲ್ಸಿದ ಕೂಡ್ಲೆ ಗುಜರಿಯವಕ್ಕೆ ಕೊಡೆಡಿ. ಅದಕ್ಕೆ ಸಿಕ್ಕುದು ಹತ್ತಿಪ್ಪತ್ತು ರೂಪಾಯಿ, ಆದರೆ ಇನ್ನೊಂದು ಮಾಡುಸುಲೆ ಅದುವೇ ಮಾದರಿ. ಮತ್ತೆ ನಿಂಗಳ ಮಕ್ಕಳಲ್ಲಿ ಆರಿಂಗಾದರೂ ಕೈಕೆಲಸಲ್ಲಿ ಮನಸ್ಸಿದ್ದರೆ, ರಜೆಲಿ ಎರಡು ದಿನ ಆ ಲೇತಿನವರ ಹತ್ತರೆ ಕೂರ್ಸಿ. ಹೇಳಿ ಕೊಡ್ಲೆ ಅವಕ್ಕೆ ಆಸೆ ಇದ್ದು, ಕೇಳುವವು ಇಲ್ಲೆ ಅಷ್ಟೆ.

ಹಟ್ಟಿಯ ಬಾಗಿಲಿಂಗೆ ಈಗ ಎಂಗೊ ಕಲ್ಲು ಕಟ್ಟಿದ್ದೆಯೊ. ನಿಂಗಳ ಮನೆಯ ಕೊಟ್ಟಗೆಲಿ ಹಳೆ ಕಾಲದ ರೋಟರಿಯ ಸಾಮಾನು ಇದ್ದರೆ ಒಂದು ಪಟ ತೆಗದು, ಬರಕ್ಕೊಂಡ ನಂಬ್ರದೊಟ್ಟಿಂಗೆ ಎನಗೆ ಕಳುಸಿ. ಆರ ಮನೆಲಿ ಎಂತ ಇದ್ದು ಹೇಳಿ ಒಂದು ಪಟ್ಟಿ ಮಾಡಿ ಮಡುಗುವೊ. ಏಣಿಲು ಸುರು ಅಪ್ಪಲೆ ಇನ್ನೂ ಸಮಯ ಇದ್ದು.